ಕ್ರಿಯಾಪದದ ಧಾತು, ಉಚ್ಚಾರಾಂಶ ಮತ್ತು ಒತ್ತು: ಇಟಾಲಿಯನ್, ಕನ್ನಡ ಮತ್ತು ಜುರಾಂಗ್ ಈಸ್ಟ್

ಕಾಲ, ಪುರುಷ, ವಚನಗಳಿಗೆ ತಕ್ಕಂತೆ ಕ್ರಿಯಾಪದ ರೂಪ ಬದಲಿಸುವಾಗ ಅದರ ಧಾತುವಿನಲ್ಲಿ ಎಷ್ಟು ಉಳಿಯುತ್ತದೆ, ಎಷ್ಟು ಕರಗುತ್ತದೆ, ಕರಗುವುದಕ್ಕೆ ಕಾರಣವೇನು ಎನ್ನುವುದು ವ್ಯಾಕರಣದ ಹಳೆಯ ಪ್ರಶ್ನೆ. ಇಟಾಲಿಯನ್ ಭಾಷೆಯಲ್ಲಿ ಉತ್ತರ ಬಹುಮಟ್ಟಿಗೆ ಒತ್ತಿನಲ್ಲಿ ಸಿಗುತ್ತದೆ: ಒತ್ತು ಧಾತುವಿನ ಮೇಲಿದ್ದಾಗ ಧಾತುವಿಗೆ ಒಂದು ಆಕಾರ, ಪ್ರತ್ಯಯಕ್ಕೆ ಸರಿದಾಗ ಇನ್ನೊಂದು. ಕನ್ನಡದಲ್ಲಿ ಒತ್ತು ಅರ್ಥವನ್ನು ಬದಲಿಸುವುದಿಲ್ಲ. ಇಲ್ಲಿ ಧಾತುವಿನ ಆಕಾರವನ್ನು ನಿರ್ಧರಿಸುವುದು ಮೊದಲ ಅಕ್ಷರದ ಲಘು-ಗುರು ಲೆಕ್ಕ, ಎಂದರೆ ಅದು ಒಂದು ಮಾತ್ರೆಯದೋ ಎರಡು ಮಾತ್ರೆಯದೋ ಎಂಬುದು. ಎರಡು ಭಾಷೆಗಳ ಈ ವ್ಯವಸ್ಥೆಗಳನ್ನು ವಿವರಿಸಿ, ಇಂಗ್ಲಿಷ್, ಮಲಯ್, ಮ್ಯಾಂಡರಿನ್, ತಮಿಳುಗಳ ನಡುವೆ ಮನೆಯೊಳಗೆ ಕನ್ನಡ ಉಳಿಸಿಕೊಂಡಿರುವ ಸಿಂಗಪುರದ ಜುರಾಂಗ್ ಈಸ್ಟ್‌ನಂಥ ಬಡಾವಣೆಯಲ್ಲಿ ಕನ್ನಡ ಕ್ರಿಯಾಪದ ಎಂಥ ನೆರೆಹೊರೆಯಲ್ಲಿ ಬಾಳುತ್ತದೆ ಎಂಬುದನ್ನು ಈ ಲೇಖನ ಪರಿಶೀಲಿಸುತ್ತದೆ.

ಇಲ್ಲಿ ‘ಒತ್ತು’ ಎಂದರೆ ಉಚ್ಚಾರಣೆಯಲ್ಲಿ ಒಂದು ಭಾಗಕ್ಕೆ ಬೀಳುವ ಹೆಚ್ಚಿನ ಬಲ. ‘ಉಚ್ಚಾರಾಂಶ’ ಎಂದರೆ ಒಂದೇ ಉಸಿರಿನ ಪೆಟ್ಟಿಗೆ ಹೊರಡುವ ಧ್ವನಿಗುಂಪು. ಇಟಾಲಿಯನ್ ಪದಗಳಲ್ಲಿ ಒತ್ತು ಬಿದ್ದ ಉಚ್ಚಾರಾಂಶ ಸ್ವರಾಂತವಾಗಿದ್ದರೆ ಆ ಸ್ವರವನ್ನು ದೀರ್ಘವಾಗಿ ಬರೆಯಲಾಗಿದೆ.

ಇಟಾಲಿಯನ್ ಕ್ರಿಯಾಪದ

ಇಟಾಲಿಯನ್ ನಿಘಂಟಿನಲ್ಲಿ ಕ್ರಿಯಾಪದ ಸಿಗುವುದು ಭಾವರೂಪದಲ್ಲಿ. ‘ಆರೆ’, ‘ಎರೆ’, ‘ಇರೆ’ ಎಂಬ ಮೂರು ಅಂತ್ಯಗಳಿಗೆ ತಕ್ಕಂತೆ ಮೂರು ಗಣಗಳು: ಪರ್ಲಾರೆ (ಮಾತಾಡು), ಕ್ರೇದೆರೆ (ನಂಬು), ದೊರ್ಮೀರೆ (ಮಲಗು). ಅಂತ್ಯವನ್ನು ತೆಗೆದರೆ ಉಳಿಯುವ ಪರ್ಲ್, ಕ್ರೆದ್, ದೊರ್ಮ್ ಎಂಬವೇ ಧಾತುಗಳು. ಪುರುಷಪ್ರತ್ಯಯ ಸೇರಿದ ಮೇಲೆ ಕರ್ತೃಪದ ಬೇಕಾಗುವುದಿಲ್ಲ. ‘ಪರ್ಲೊ’ ಎಂದರೆ ಸಾಕು, ಮಾತಾಡುತ್ತಿರುವವನು ನಾನು ಎಂದು ತಿಳಿಯುತ್ತದೆ. ‘ಬಂದೆ’, ‘ಬಂದಳು’ ಎಂದು ಸರ್ವನಾಮವಿಲ್ಲದೆ ಮಾತಾಡಿ ರೂಢಿಯಿರುವ ಕನ್ನಡಿಗರಿಗೆ ಇದರಲ್ಲಿ ಹೊಸತೇನೂ ಇಲ್ಲ.

ಉಚ್ಚಾರಾಂಶ ಬಿಡಿಸುವ ನಿಯಮಗಳು ಸರಳ. ಇಟಾಲಿಯನ್ ಸ್ವರಾಂತ ಉಚ್ಚಾರಾಂಶಗಳನ್ನು ಇಷ್ಟಪಡುವ ಭಾಷೆ. ಎರಡು ಸ್ವರಗಳ ನಡುವಿನ ಒಂಟಿ ವ್ಯಂಜನ ಮುಂದಿನ ಸ್ವರದ ಜೊತೆಗೆ ಹೋಗುತ್ತದೆ. ದ್ವಿತ್ವ ನಡುವೆ ಒಡೆಯುತ್ತದೆ: ಬೆಲ್-ಲೊ, ಫತ್-ತೊ. ಸ್ಪರ್ಶವ್ಯಂಜನದ ಬಳಿಕ ರ ಅಥವಾ ಲ ಬಂದರೆ ಎರಡೂ ಒಟ್ಟಿಗೆ ಮುಂದಕ್ಕೆ ಸಾಗುತ್ತವೆ: ಮಾ-ದ್ರೆ, ಲೀ-ಬ್ರೊ. ಸಕಾರ ಸೇರಿದ ಜೋಡಿಯನ್ನೂ ಬರವಣಿಗೆಯಲ್ಲಿ ಒಡೆಯುವುದಿಲ್ಲ, ಪ-ಸ್ತ ಎಂದೇ ಸಾಲು ಮುರಿಯುತ್ತಾರೆ. ಆದರೆ ಕಿವಿ ಇದನ್ನು ಪೂರ್ತಿ ಒಪ್ಪುವುದಿಲ್ಲ. ಪಾನೆ (ಬ್ರೆಡ್ಡು) ಎನ್ನುವಾಗ ಎಳೆದಷ್ಟು ‘ಪ’ವನ್ನು ಪಸ್ತ ಎನ್ನುವಾಗ ಯಾರೂ ಎಳೆಯುವುದಿಲ್ಲ. ನಾಲಿಗೆಗೆ ಅದು ಪಸ್-ತ, ನಮ್ಮ ‘ಹಸ್ತ’ದ ಹಾಗೆಯೇ.

ಈ ಬಿಡಿಸುವಿಕೆಗೂ ಸ್ವರದ ಉದ್ದಕ್ಕೂ ನಂಟಿದೆ. ಇಟಾಲಿಯನ್‌ನಲ್ಲಿ ಹ್ರಸ್ವ-ದೀರ್ಘಗಳು ಸ್ವತಂತ್ರವಾಗಿ ಅರ್ಥಭೇದ ಮಾಡುವುದಿಲ್ಲ. ಒತ್ತು ಬಿದ್ದ ಸ್ವರಾಂತ ಉಚ್ಚಾರಾಂಶ ಪದದ ಕೊನೆಯಲ್ಲಿಲ್ಲದಿದ್ದರೆ ತಾನಾಗಿ ಉದ್ದವಾಗುತ್ತದೆ, ವ್ಯಂಜನದಿಂದ ಮುಚ್ಚಿಕೊಂಡರೆ ಗಿಡ್ಡವಾಗಿ ಉಳಿಯುತ್ತದೆ. ಫಾತೊ (ವಿಧಿ), ಫತ್ತೊ (ಮಾಡಿದ್ದು) ಎಂಬ ಜೋಡಿಯಲ್ಲಿ ಅರ್ಥವನ್ನು ಬೇರೆ ಮಾಡುವುದು ತಕಾರದ ದ್ವಿತ್ವ. ಸ್ವರದ ಉದ್ದ ಅದರ ಹಿಂದೆ ಬರುವ ಪರಿಣಾಮ ಮಾತ್ರ.

ಒತ್ತು ಹೆಚ್ಚಿನ ಪದಗಳಲ್ಲಿ ಕೊನೆಯಿಂದ ಎರಡನೆಯ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಇಂಥವಕ್ಕೆ ‘ಪ್ಯಾನೆ’ ಎಂದು ಹೆಸರು. ಕೊನೆಯದರ ಮೇಲೆ ಬಿದ್ದವು ‘ತ್ರೊಂಕೆ’, ಮೂರನೆಯದರ ಮೇಲೆ ಬಿದ್ದವು ‘ಜ್ದ್ರುಚ್ಚೊಲೆ’, ಎಂದರೆ ಜಾರುವ ಪದಗಳು. ನಾಲ್ಕನೆಯದರ ಮೇಲೂ ಬೀಳಬಹುದು, ಅದು ಬಹುತೇಕ ಕ್ರಿಯಾಪದಗಳಲ್ಲೇ: ‘ಅವರು ವಾಸಿಸುತ್ತಾರೆ’ ಎಂಬ ಅರ್ಥದ ಆಬಿತನೊ, ‘ಅವರು ಫೋನ್ ಮಾಡುತ್ತಾರೆ’ ಎಂಬ ತೆಲೇಫೊನನೊ. ಬರವಣಿಗೆಯಲ್ಲಿ ಒತ್ತಿನ ಗುರುತು ಕಡ್ಡಾಯವಾಗಿ ಬರುವುದು ಮುಖ್ಯವಾಗಿ ಅದು ಒಂದಕ್ಕಿಂತ ಹೆಚ್ಚು ಉಚ್ಚಾರಾಂಶಗಳ ಪದದ ಕೊನೆಯ ಸ್ವರದ ಮೇಲೆ ಬಿದ್ದಾಗ; ಉಳಿದೆಡೆ ಬಹುತೇಕ ಓದುವವರೇ ತಿಳಿದಿರಬೇಕು. ತಿಳಿಯದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಪಾಠಪುಸ್ತಕಗಳು ಬಹುಕಾಲದಿಂದ ಕೊಡುವ ಮೂರು ಪದಗಳಿವೆ. ಕಾಪಿತನೊ ಎಂದರೆ ‘ಅವು ಸಂಭವಿಸುತ್ತವೆ’, ಕಪಿತಾನೊ ಎಂದರೆ ‘ನಾಯಕ’, ಕಪಿತನೋ ಎಂದರೆ ‘ಅವನು ನಾಯಕತ್ವ ವಹಿಸಿದ’. ಅಕ್ಷರಗಳು ಮೂರರಲ್ಲೂ ಅವೇ. ಪರ್ಲೊ (ಮಾತಾಡುತ್ತೇನೆ), ಪರ್ಲೋ (ಅವನು ಮಾತಾಡಿದ) ಎಂಬ ಜೋಡಿಯಲ್ಲಂತೂ ಕಾಲ, ಪುರುಷ ಎರಡೂ ಒತ್ತಿನ ಜಾಗದಿಂದಲೇ ಬದಲಾಗುತ್ತವೆ.

ಇನ್ನು ಧಾತುವಿನ ಮಾತು. ವರ್ತಮಾನದ ಆರು ರೂಪಗಳಲ್ಲಿ ಒತ್ತು ನಾಲ್ಕು ಕಡೆ ಧಾತುವಿನ ಮೇಲಿರುತ್ತದೆ (ನಾನು, ನೀನು, ಅವನು ಅಥವಾ ಅವಳು, ಅವರು), ಎರಡು ಕಡೆ ಪ್ರತ್ಯಯದ ಮೇಲಿರುತ್ತದೆ (ನಾವು, ನೀವು). ಪರ್ಲೊ, ಪರ್ಲಿ, ಪರ್ಲ, ಪರ್ಲನೊ ಒಂದು ಕಡೆ. ಪರ್ಲ್ಯಾಮೊ, ಪರ್ಲಾತೆ ಇನ್ನೊಂದು ಕಡೆ. ಈ ಧಾತು ಗಟ್ಟಿ, ಎರಡು ಕಡೆಯೂ ಹಾಗೇ ಇದೆ. ಆದರೆ ಲ್ಯಾಟಿನ್‌ನ ಹ್ರಸ್ವ ಎಕಾರ, ಒಕಾರಗಳು ಒತ್ತಿನ ಕೆಳಗೆ, ಸ್ವರಾಂತ ಉಚ್ಚಾರಾಂಶದಲ್ಲಿ, ಯೆ ಮತ್ತು ವೊ ಆಗಿ ಸೀಳಿದವು. ಒತ್ತಿಲ್ಲದ ಕಡೆ ಹಾಗೇ ಉಳಿದವು. ಹೀಗಾಗಿ ಕುಳಿತುಕೊಳ್ಳುವ ಕ್ರಿಯೆಗೆ ‘ಸ್ಯೇದೊ’ (ನಾನು ಕೂರುತ್ತೇನೆ), ಆದರೆ ‘ಸೆದ್ಯಾಮೊ’ (ನಾವು ಕೂರುತ್ತೇವೆ). ಸಾಯುವ ಕ್ರಿಯೆಗೆ ‘ಮ್ವೋಯೊ’, ಆದರೆ ‘ಮೊರ್ಯಾಮೊ’. ಕದಲುವ ಕ್ರಿಯೆಗೆ ಹಳೆಯ ನಿಯಮದಂತೆ ‘ಮ್ವೋವೊ’, ‘ಮೊವ್ಯಾಮೊ’; ಈಗಿನ ಬಳಕೆಯಲ್ಲಿ ಜನ ಎರಡನ್ನೂ ಸರಿದೂಗಿಸಿ ‘ಮ್ವೊವ್ಯಾಮೊ’ ಎನ್ನುತ್ತಾರೆ. ಹೋಗುವ ಕ್ರಿಯೆಯಲ್ಲಿ ಒತ್ತಿನ ಗೆರೆ ಎರಡು ಬೇರೆ ಧಾತುಗಳನ್ನೇ ಬೇರ್ಪಡಿಸುತ್ತದೆ: ವಾದೊ, ವಾಯ್, ವಾ, ವನ್ನೊ ಒಂದು ಮೂಲದವು, ಅಂದ್ಯಾಮೊ, ಅಂದಾತೆ ಇನ್ನೊಂದರವು.

‘ಇರೆ’ ಗಣದ ಹೆಚ್ಚಿನ ಕ್ರಿಯಾಪದಗಳು ಈ ಅಲೆದಾಟವನ್ನು ತಪ್ಪಿಸಿಕೊಂಡ ಬಗೆ ಸೊಗಸಾಗಿದೆ. ಫಿನೀರೆ (ಮುಗಿಸು) ಎಂಬುದಕ್ಕೆ ಫಿನಿಸ್ಕೊ, ಫಿನಿಶ್ಶಿ, ಫಿನಿಶ್ಶೆ, ಫಿನಿಸ್ಕೊನೊ ಎಂದು ಧಾತುವಿಗೂ ಪ್ರತ್ಯಯಕ್ಕೂ ನಡುವೆ ‘ಇಸ್ಕ್’ ತೂರುತ್ತದೆ. ನಾವು, ನೀವು ರೂಪಗಳಲ್ಲಿ ಅದು ಬೇಕಿಲ್ಲ: ಫಿನ್ಯಾಮೊ, ಫಿನೀತೆ. ‘ಆರಂಭವಾಗು’ ಎಂಬ ಅರ್ಥದ ಲ್ಯಾಟಿನ್ ಪ್ರತ್ಯಯ ತನ್ನ ಅರ್ಥ ಕಳೆದುಕೊಂಡು ಬರೀ ಒತ್ತನ್ನು ಹೊರುವ ಕೆಲಸಕ್ಕೆ ನಿಂತಿದೆ. ಆರು ರೂಪಗಳಲ್ಲೂ ಒತ್ತು ಧಾತುವಿನ ಹೊರಗೇ ಬೀಳುವುದರಿಂದ ಧಾತುವಿಗೆ ಆಕಾರ ಬದಲಿಸುವ ಪ್ರಮೇಯವೇ ಬರುವುದಿಲ್ಲ.

ದೂರದ ಭೂತಕಾಲದಲ್ಲೂ ಇದೇ ತತ್ತ್ವ ಬೇರೆ ಹಂಚಿಕೆಯಲ್ಲಿ ಕಾಣುತ್ತದೆ. ‘ಬರೆ’ ಎಂಬ ಅರ್ಥದ ಸ್ಕ್ರೀವೆರೆಗೆ ಸ್ಕ್ರಿಸ್ಸಿ (ಬರೆದೆ), ಸ್ಕ್ರಿಸ್ಸೆ (ಬರೆದನು), ಸ್ಕ್ರಿಸ್ಸೆರೊ (ಬರೆದರು) ಎಂಬ ಮೂರರಲ್ಲಿ ಒತ್ತು ಧಾತುವಿನ ಮೇಲಿದ್ದು, ಧಾತು ದ್ವಿತ್ವಗೊಂಡು ಬದಲಾಗಿದೆ. ಉಳಿದ ಮೂರರಲ್ಲಿ ಒತ್ತು ಪ್ರತ್ಯಯದ್ದು. ಧಾತು ‘ಸ್ಕ್ರಿವ್’ ಎಂದೇ ಇದೆ.

ಕನ್ನಡದ ಧಾತು

ಕನ್ನಡ ವೈಯಾಕರಣರು ಧಾತುವನ್ನು ಪ್ರೀತಿಯಿಂದ ನೋಡಿದವರು. ಸುಮಾರು 1260ರಲ್ಲಿ ಕೇಶಿರಾಜ ಬರೆದ ‘ಶಬ್ದಮಣಿದರ್ಪಣ’ದಲ್ಲಿ ಆಖ್ಯಾತಕ್ಕೂ ಧಾತುವಿಗೂ ಪ್ರತ್ಯೇಕ ಪ್ರಕರಣಗಳಿವೆ, ಜೊತೆಗೆ ಕನ್ನಡ ಧಾತುಗಳನ್ನು ಅರ್ಥಸಹಿತ ಪಟ್ಟಿ ಮಾಡಿದ ಧಾತುಪಾಠವಿದೆ. 1604ರಲ್ಲಿ ಭಟ್ಟಾಕಳಂಕ 592 ಸೂತ್ರಗಳ ‘ಶಬ್ದಾನುಶಾಸನ’ವನ್ನು ಸಂಸ್ಕೃತದಲ್ಲಿ ರಚಿಸಿದ. ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ ಫರ್ಡಿನೆಂಡ್ ಕಿಟ್ಟೆಲ್, 1894ರ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಒಂದು ಜಾಣ ಪದ್ಧತಿ ಅನುಸರಿಸಿದ: ಕ್ರಿಯಾಪದದ ಮುಂದೆ ಅದರ ಭೂತಕೃದಂತವನ್ನೂ ಕೊಟ್ಟ. ಕೊಡು ಎಂದರೆ ಕೊಟ್ಟು, ಕಾಣ್ ಎಂದರೆ ಕಂಡು. ಪರದೇಶದಿಂದ ಬಂದು ಕನ್ನಡ ಕಲಿತವನಿಗೆ ಕಷ್ಟ ಎಲ್ಲಿದೆ ಎಂದು ಗೊತ್ತಿತ್ತು.

ಕನ್ನಡದ ಕ್ರಿಯಾಪದಕ್ಕೆ ಮೂರು ಅಂಗಗಳು: ಧಾತು, ಕಾಲಸೂಚಕ ಪ್ರತ್ಯಯ, ಪುರುಷ-ವಚನ ತಿಳಿಸುವ ಆಖ್ಯಾತ ಪ್ರತ್ಯಯ. ಮಾಡು, ಉತ್ತ, ಏನೆ ಸೇರಿ ಮಾಡುತ್ತೇನೆ. ವರ್ತಮಾನ, ಭವಿಷ್ಯತ್‌ಗಳಲ್ಲಿ ಧಾತು ಸಾಮಾನ್ಯವಾಗಿ ಅಲುಗಾಡುವುದಿಲ್ಲ. ಭೂತಕಾಲ ಬಂತೆಂದರೆ ಮಾತ್ರ ಕೊಡು ‘ಕೊಟ್ಟ’ ಆಗುತ್ತದೆ, ನಗು ‘ನಕ್ಕ’ ಆಗುತ್ತದೆ, ಬೀಳು ‘ಬಿದ್ದ’ ಆಗುತ್ತದೆ, ಆದರೆ ಮಾಡು ‘ಮಾಡಿದ’ ಎಂದು ನೆಮ್ಮದಿಯಾಗಿರುತ್ತದೆ. ಶಾಲೆಯ ವ್ಯಾಕರಣಗಳು ಇಂಥವನ್ನು ಅನಿಯತ ರೂಪಗಳೆಂದು ಪಟ್ಟಿ ಮಾಡಿ ಕೈತೊಳೆದುಕೊಳ್ಳುವುದುಂಟು. ಅದು ಸರಿಯಲ್ಲ. ಮೊದಲ ಅಕ್ಷರದ ತೂಕ ನೋಡಿದರೆ ಪಟ್ಟಿಯ ಬಹುಭಾಗ ತಾನಾಗಿ ಸಾಲುಗೂಡುತ್ತದೆ.

ಎರಡೇ ಅಕ್ಷರದ, ಎರಡೂ ಲಘುವಾಗಿ ಉಕಾರದಲ್ಲಿ ಮುಗಿಯುವ ಧಾತುಗಳನ್ನು ತೆಗೆದುಕೊಳ್ಳಿ. ಕೊಡು-ಕೊಟ್ಟ, ಬಿಡು-ಬಿಟ್ಟ, ಇಡು-ಇಟ್ಟ, ಸುಡು-ಸುಟ್ಟ, ನೆಡು-ನೆಟ್ಟ, ಕೆಡು-ಕೆಟ್ಟ, ನಗು-ನಕ್ಕ, ಹೊಗು-ಹೊಕ್ಕ, ಹೊರು-ಹೊತ್ತ, ಹೆರು-ಹೆತ್ತ, ಅಳು-ಅತ್ತ, ಉಳು-ಉತ್ತ, ಇರು-ಇದ್ದ, ಬರು-ಬಂದ, ತರು-ತಂದ. ದ್ವಿತ್ವದಿಂದಲೋ ಅನುಸ್ವಾರದಿಂದಲೋ ಮೊದಲ ಲಘು ಎಲ್ಲೆಡೆಯೂ ಗುರುವಾಗಿದೆ. ಭೂತಕಾಲದ ದಕಾರ, ತಕಾರಗಳು ಧಾತುವಿನ ಕೊನೆಯ ವ್ಯಂಜನಕ್ಕೆ ನೇರವಾಗಿ ಅಂಟಿ ಅದರೊಡನೆ ಕರಗಿದ್ದೇ ಇದಕ್ಕೆ ಕಾರಣ.

ಮೊದಲ ಅಕ್ಷರ ಆಗಲೇ ಗುರುವಾಗಿದ್ದರೆ ಸಾಮಾನ್ಯವಾಗಿ ಪ್ರತ್ಯಯ ಅಂಟುವುದಿಲ್ಲ, ನಡುವೆ ಇಕಾರ ಬರುತ್ತದೆ: ಮಾಡಿದ, ಓಡಿದ, ಹಾಡಿದ, ಕೂಗಿದ, ಕಟ್ಟಿದ, ಮುಟ್ಟಿದ, ನುಂಗಿದ. ಮೂರಕ್ಷರದ ಹುಡುಕು, ತಿರುಗುಗಳೂ ಈ ದಾರಿಯವೇ. ಹ್ರಸ್ವ-ದೀರ್ಘದಲ್ಲಿ ಮಾತ್ರ ಬೇರೆಯಾದ ಜೋಡಿಗಳಲ್ಲಿ ಈ ವ್ಯವಸ್ಥೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ತೊಡು ಎಂದರೆ ತೊಟ್ಟ, ತೋಡು ಎಂದರೆ ತೋಡಿದ. ಉಡು ಎಂದರೆ ಉಟ್ಟ, ಊಡು ಎಂದರೆ ಊಡಿದ. ಅಡುಗೆಯ ‘ಅಡು’ ಅಟ್ಟ ಆಗುತ್ತದೆ, ಆಟದ ‘ಆಡು’ ಆಡಿದ ಆಗುತ್ತದೆ. ಅಳು ಎಂದರೆ ಅತ್ತ, ಆಳು ಎಂದರೆ ಆಳಿದ.

ದೀರ್ಘಸ್ವರವಿದ್ದೂ ಪ್ರತ್ಯಯವನ್ನು ನೇರವಾಗಿ ಅಂಟಿಸಿಕೊಂಡ ಕೆಲವು ಹಳೆಯ ಧಾತುಗಳಿವೆ. ಅವು ಮಾಡಿದ್ದೇನೆಂದು ನೋಡಿದರೆ ಕನ್ನಡದ ಕಿವಿಯ ಮೇಲೆ ಗೌರವ ಹುಟ್ಟುತ್ತದೆ. ಕಾಣು-ಕಂಡ, ಬೀಳು-ಬಿದ್ದ, ಏಳು-ಎದ್ದ, ಸಾಯು-ಸತ್ತ, ನೋಯು-ನೊಂದ, ಬೇಯು-ಬೆಂದ, ಮೀಯು-ಮಿಂದ. ಸ್ವರ ಹ್ರಸ್ವವಾಯಿತು, ಕಳೆದ ಮಾತ್ರೆಯನ್ನು ಮುಂದಿನ ಜೋಡಿ ವ್ಯಂಜನ ತುಂಬಿಕೊಟ್ಟಿತು. ‘ಕಾ’ ಗುರು, ‘ಕಂ’ ಕೂಡ ಗುರು. ಹೋಗು-ಹೋದ, ಆಗು-ಆದ ಎಂಬಲ್ಲಿ ಗಕಾರವೇ ಹೋಗಿ ದೀರ್ಘ ಉಳಿದಿದೆ, ಅಲ್ಲೂ ಗುರು. ಇಕಾರ, ಎಕಾರಗಳಲ್ಲಿ ಮುಗಿಯುವ ಕುಡಿ, ಹಿಡಿ, ನಡೆ, ಬರೆ ಮಾತ್ರ ಈ ಲೆಕ್ಕಕ್ಕೆ ಹೊರಗು. ಅವಕ್ಕೆ ಸ್ವಂತ ಸ್ವರ ಇರುವುದರಿಂದ ಪ್ರತ್ಯಯ ಅದರ ಮೇಲೆ ಕೂರುತ್ತದೆ, ಕುಡಿದ, ನಡೆದ ಎಂದು ಮೂರು ಲಘುಗಳಾಗಿಯೇ ಸಾಗುತ್ತವೆ.

ವರ್ತಮಾನದಲ್ಲಿ ಕಾಣುವ ಧಾತುವಿನ ಆಕಾರವೂ ಇದೇ ಲೆಕ್ಕದ ಫಲ. ಹಳಗನ್ನಡದಲ್ಲಿ ನಿಲ್, ತಿನ್, ಉಣ್, ಕೊಲ್, ಕೇಳ್, ಸೇರ್ ಎಂದು ವ್ಯಂಜನಾಂತವಾಗಿದ್ದವು. ಹೊಸಗನ್ನಡ ಇವಕ್ಕೆಲ್ಲ ಉಕಾರ ಸೇರಿಸಿತು. ಹ್ರಸ್ವದವು ದ್ವಿತ್ವ ತೆಗೆದುಕೊಂಡು ನಿಲ್ಲು, ತಿನ್ನು, ಉಣ್ಣು, ಕೊಲ್ಲು ಆದವು. ದೀರ್ಘದವು ಕೇಳು, ಸೇರು ಎಂದು ಒಂಟಿ ವ್ಯಂಜನದಲ್ಲೇ ಉಳಿದವು. ‘ನಿಲ್’ ಎಂಬಲ್ಲಿ ಇದ್ದ ಗುರುವನ್ನು ‘ನಿಲ್ಲು’ ಕಾಪಾಡಿದೆ. ರಕಾರ, ೞಕಾರಗಳು ದ್ವಿತ್ವ ಒಲ್ಲದವು. ಹಾಗಾಗಿ ಬರ್ ಎಂಬುದು ಬರು ಆಯಿತು, ಅೞ್ ಎಂಬುದು ಅಳು ಆಯಿತು. ೞ ಮತ್ತು ಳ ಬೆರೆತುಹೋಗುವ ಅಪಾಯವನ್ನು ಕಂಡ ಕೇಶಿರಾಜ ೞಕಾರವುಳ್ಳ ಪದಗಳನ್ನು ಕಷ್ಟಪಟ್ಟು ಪಟ್ಟಿ ಮಾಡಿದ್ದಾನೆ. ಅಕ್ಷರ ಕಳೆದುಹೋಗಿದೆ, ಆದರೆ ಬೀೞ್ ಎಂಬುದರಿಂದ ಬಿೞ್ದ, ಅದರಿಂದ ‘ಬಿದ್ದ’ ಎಂಬ ರೂಪದಲ್ಲಿ ಅದರ ನೆನಪು ದಿನಬಳಕೆಯಲ್ಲಿದೆ.

ಅಕ್ಷರ, ಉಚ್ಚಾರಾಂಶ, ಪ್ರಾಸ

ಇಟಾಲಿಯನ್ನರು ಫತ್-ತೊ ಎಂದು ಬರವಣಿಗೆಯಲ್ಲೂ ದ್ವಿತ್ವವನ್ನು ಒಡೆಯುತ್ತಾರೆ. ಕನ್ನಡ ಲಿಪಿ ಹಾಗೆ ಮಾಡುವುದಿಲ್ಲ. ಕಿವಿಗೆ ಕೊಟ್-ಟ ಎಂದು ಕೇಳಿದರೂ ಬರೆಯುವಾಗ ಕೊ, ಟ್ಟ ಎಂದೇ ಎರಡು ಅಕ್ಷರ. ಸಾಲಿನ ಕೊನೆಯಲ್ಲಿ ಪದ ಮುರಿಯುವಾಗಲೂ ‘ಟ್ಟ’ ಒಟ್ಟಿಗೇ ಕೆಳಗಿಳಿಯುತ್ತದೆ. ಲಿಪಿ ಮರೆಮಾಡಿದ್ದನ್ನು ಛಂದಸ್ಸು ಹೇಳುತ್ತದೆ: ಸಂಯುಕ್ತಾಕ್ಷರದ ಹಿಂದಿನ ಅಕ್ಷರ ಗುರು. ಒತ್ತಕ್ಷರದ ಮೊದಲರ್ಧ ಹಿಂದಿನ ಉಚ್ಚಾರಾಂಶವನ್ನು ಮುಚ್ಚುತ್ತದೆ ಎಂಬ ಧ್ವನಿಶಾಸ್ತ್ರದ ಮಾತನ್ನೇ ಛಂದಸ್ಸು ಮಾತ್ರೆಯ ಭಾಷೆಯಲ್ಲಿ ಹೇಳಿದೆ. ಹಳಗನ್ನಡದ ನೆಗೞ್ದ, ಪೊಗೞ್ದ ಮುಂತಾದ ಕ್ರಿಯಾರೂಪಗಳಲ್ಲಿ ಸಂಯುಕ್ತಾಕ್ಷರವಿದ್ದೂ ಹಿಂದಿನದು ಲಘುವಾಗಿ ನಿಲ್ಲಬಹುದು ಎಂದು ಗುರುತಿಸಿ, ಅದಕ್ಕೆ ಶಿಥಿಲದ್ವಿತ್ವ ಎಂದು ಹೆಸರಿಟ್ಟಿದ್ದು ಕನ್ನಡದ್ದೇ ಸೂಕ್ಷ್ಮ. ಸಂಸ್ಕೃತದ ನಿಯಮವನ್ನು ಹಾಗೇ ಎತ್ತಿಕೊಂಡಿದ್ದರೆ ಇದು ಕಾಣುತ್ತಿರಲಿಲ್ಲ.

ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ‘ಛಂದೋಂಬುಧಿ’ ಹೇಳುವ ಆರು ಪ್ರಾಸಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಕನ್ನಡದ ಪ್ರಾಸ ಪಾದದ ಎರಡನೆಯ ಅಕ್ಷರದಲ್ಲಿ ಬೀಳುತ್ತದೆ, ಅದರ ಹಿಂದಿನ ಅಕ್ಷರದ ಆಕಾರಕ್ಕೆ ತಕ್ಕ ಹೆಸರು ಪಡೆಯುತ್ತದೆ. ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ, ವಿಸರ್ಗವಿದ್ದರೆ ಅಜ. ಪ್ರಾಸಸ್ಥಾನದಲ್ಲಿ ವಿಜಾತೀಯ ಸಂಯುಕ್ತ ಬಂದರೆ ಶರಭ, ಸಜಾತೀಯ ದ್ವಿತ್ವ ಬಂದರೆ ಹಯ. ಕವಿಗಳಿಗಾಗಿ ಮಾಡಿದ ಈ ವಿಂಗಡಣೆ ಕನ್ನಡ ಧಾತುವಿನ ಮೊದಲ ಉಚ್ಚಾರಾಂಶಕ್ಕೆ ಇರಬಹುದಾದ ಆಕಾರಗಳ ಪೂರ್ಣ ಪಟ್ಟಿ ಎಂಬುದು ಈ ಲೇಖನದ ಮತ. ಬಿಡು ಸಿಂಹ, ಬಿಟ್ಟ ಹಯ. ಕಾಣು ಗಜ, ಕಂಡ ವೃಷಭ. ಕೊಯ್ದ ಶರಭ. ವಿಸರ್ಗ ಸಂಸ್ಕೃತದ್ದಾದ್ದರಿಂದ ಅಜ ಮಾತ್ರ ಕನ್ನಡ ಧಾತುಗಳಿಗೆ ಸೇರದು. ಭೂತಕಾಲವೆಂದರೆ ಒಂದು ಪ್ರಾಸವರ್ಗದಿಂದ ಇನ್ನೊಂದಕ್ಕೆ ದಾಟುವುದು, ಅಥವಾ ಮಾಡು-ಮಾಡಿದ ಎಂಬಲ್ಲಿನಂತೆ ಇದ್ದಲ್ಲೇ ಇರುವುದು.

ಇಟಾಲಿಯನ್ ಪದ್ಯ ತನ್ನ ಲೆಕ್ಕವನ್ನು ಸಾಲಿನ ಇನ್ನೊಂದು ತುದಿಯಲ್ಲಿಟ್ಟಿದೆ. ಅದರ ಪ್ರಧಾನ ಛಂದಸ್ಸಾದ ಹನ್ನೊಂದು ಉಚ್ಚಾರಾಂಶಗಳ ಸಾಲಿನಲ್ಲಿ ಹತ್ತನೆಯದರ ಮೇಲೆ ಒತ್ತು ಬೀಳಲೇಬೇಕು, ಪ್ರಾಸ ಶುರುವಾಗುವುದೂ ಕೊನೆಯ ಒತ್ತಿನ ಸ್ವರದಿಂದ. ಪ್ರತ್ಯಯಗಳು ಒತ್ತಿಗಾಗಿ ಧಾತುವಿನೊಡನೆ ಪೈಪೋಟಿ ನಡೆಸುವ ಭಾಷೆ ಸಾಲಿನ ತುದಿಯನ್ನು ಆಲಿಸಿತು. ಧಾತುವಿನ ಮೊದಲ ಅಕ್ಷರದಲ್ಲಿ ಎಲ್ಲವೂ ತೀರ್ಮಾನವಾಗುವ ಭಾಷೆ ಸಾಲಿನ ಆರಂಭವನ್ನು ಆಲಿಸಿತು.

ಹಾಗಾದರೆ ಕನ್ನಡದಲ್ಲಿ ಒತ್ತೇ ಇಲ್ಲವೇ? ಪದದ ಮೊದಲ ಅಕ್ಷರಕ್ಕೆ ಒಂದಿಷ್ಟು ಬಲ ಇದೆ ಎಂದು ವರ್ಣಿಸುವುದುಂಟು. ಅದನ್ನು ಜಾಗ ಬದಲಿಸಿದರೆ ಉಚ್ಚಾರ ವಿಚಿತ್ರವಾಗಿ ಕೇಳಬಹುದು, ಅರ್ಥ ಬೇರೆಯಾಗುವುದಿಲ್ಲ. ಆಡುಮಾತಿನಲ್ಲಿ ಅದರ ಗುರುತು ಸಿಗುತ್ತದೆ: ಮಾಡುತ್ತೇನೆ ಎಂಬುದು ಬೆಂಗಳೂರು, ಮೈಸೂರುಗಳಲ್ಲಿ ಮಾಡ್ತೀನಿ ಆಗುತ್ತದೆ, ಬರುತ್ತೇನೆ ಎಂಬುದು ಕುಂದಾಪುರದಲ್ಲೂ ಕಾಸರಗೋಡಿನ ಹವ್ಯಕರಲ್ಲೂ ಬತ್ತೆ ಆಗುತ್ತದೆ. ಸವೆಯುವುದು ನಡುವಿನ, ಕೊನೆಯ ಭಾಗಗಳು; ಮೊದಲ ಅಕ್ಷರ ಕದಲುವುದಿಲ್ಲ.

ಒಂದೇ ಕ್ರಿಯೆ, ಎರಡು ದಾರಿ

ಬರು ಎಂಬ ಕ್ರಿಯೆಯಲ್ಲಿ ಎರಡು ಭಾಷೆಗಳನ್ನೂ ಎದುರುಬದುರು ನಿಲ್ಲಿಸಬಹುದು. ಇಟಾಲಿಯನ್‌ನ ವೆನೀರೆಗೆ ವೆಂಗೊ (ಬರುತ್ತೇನೆ), ವ್ಯೇನಿ (ಬರುತ್ತೀಯ), ವ್ಯೇನೆ (ಬರುತ್ತಾನೆ), ವೆನ್ಯಾಮೊ (ಬರುತ್ತೇವೆ), ವೆನೀತೆ (ಬರುತ್ತೀರಿ), ವೆಂಗೊನೊ (ಬರುತ್ತಾರೆ). ಭೂತದಲ್ಲಿ ವೆನ್ನಿ (ಬಂದೆ), ಭವಿಷ್ಯತ್ತಿನಲ್ಲಿ ವೆರ್ರೋ (ಬರುವೆ). ಪುರುಷ ಬದಲಾದರೆ ಸಾಕು, ಧಾತುವೂ ಬದಲಾಗುತ್ತದೆ. ಕನ್ನಡದಲ್ಲಿ ಪುರುಷ ಬದಲಾದದ್ದಕ್ಕೆ ಧಾತು ಮಿಸುಕುವುದಿಲ್ಲ. ಬಂದೆ, ಬಂದನು, ಬಂದಳು, ಬಂದರು ಎಲ್ಲದರಲ್ಲೂ ‘ಬಂದ್’ ಒಂದೇ. ಕಾಲ, ಅರ್ಥಗಳು ಬದಲಾದಾಗ ಮಾತ್ರ ನಾಲ್ಕು ಆಕಾರಗಳು ಸಿಗುತ್ತವೆ: ಬರುತ್ತೇನೆ ಎನ್ನುವಾಗ ‘ಬರ್’, ಬಂದೆ ಎನ್ನುವಾಗ ‘ಬಂದ್’, ಕರೆಯುವಾಗ ‘ಬಾ’, ನಿಷೇಧದಲ್ಲಿ ‘ಬಾರ್’, ಬಾರದು ಎಂಬಲ್ಲಿರುವಂತೆ. ತರು ಎಂಬುದೂ ಹೆಜ್ಜೆಗೆ ಹೆಜ್ಜೆ ಹಾಗೆಯೇ: ತರ್, ತಂದ್, ತಾ, ತಾರ್. ನಾಲ್ಕರ ಪೈಕಿ ಮೂರು ಗುರು.

ಈ ಎದುರಾಟದಿಂದ ಇನ್ನೊಂದು ವಿಷಯ ಹೊರಬೀಳುತ್ತದೆ. ಇಟಾಲಿಯನ್ ಕಲಿಯುವವರು ಒಂದು ಕಾಲದ ಆರು ರೂಪಗಳನ್ನು ಅಡ್ಡಸಾಲಿನಲ್ಲಿ ಬಾಯಿಪಾಠ ಮಾಡುತ್ತಾರೆ, ಏಕೆಂದರೆ ಅವರ ತೊಡಕು ಪುರುಷದಲ್ಲಿದೆ. ಕನ್ನಡ ಕಲಿಸುವ ಎಷ್ಟೋ ಪುಸ್ತಕಗಳು ಅದೇ ಮಾದರಿಯಲ್ಲಿ ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾನೆ ಎಂದು ತುಂಬಿಸುತ್ತವೆ. ಕನ್ನಡಕ್ಕೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ, ಪುರುಷಪ್ರತ್ಯಯ ಒಂದು ಸಲ ಬಂದರೆ ಎಲ್ಲ ಧಾತುಗಳಿಗೂ ಸಾಕು. ಇಲ್ಲಿ ಬಾಯಿಪಾಠ ಆಗಬೇಕಾದದ್ದು ಕೊಡು-ಕೊಟ್ಟು, ಕಾಣು-ಕಂಡು ಎಂಬ ಜೋಡಿ. ಕಿಟ್ಟೆಲ್ ಕೊಟ್ಟಿದ್ದು ಅದನ್ನೇ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಇಡೀ ಪುಸ್ತಕ ಬರೆದು ವಾದಿಸಿದ್ದು ಸಂಸ್ಕೃತದ ಚೌಕಟ್ಟನ್ನು ಕುರಿತು. ಯುರೋಪಿನ ಪಾಠಕ್ರಮದ ಚೌಕಟ್ಟಿಗೂ ಆ ಮಾತು ಸಲ್ಲುತ್ತದೆ.

ಜುರಾಂಗ್ ಈಸ್ಟ್‌ನ ನೆರೆಹೊರೆ

ಸಿಂಗಪುರದ ಪಶ್ಚಿಮದಲ್ಲಿರುವ ಜುರಾಂಗ್ ಈಸ್ಟ್‌ನಲ್ಲಿ ಮೆಟ್ರೊ ನಿಲ್ದಾಣ ತೆರೆದದ್ದು 1988ರ ನವೆಂಬರ್ 5ರಂದು. ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮ ಮಾರ್ಗಗಳು ಅಲ್ಲಿ ಕೂಡುತ್ತವೆ. 1977ರಿಂದ ಇರುವ ವಿಜ್ಞಾನ ಕೇಂದ್ರ, ದೊಡ್ಡದೊಂದು ಪ್ರಾದೇಶಿಕ ಗ್ರಂಥಾಲಯ, ವಸತಿ ಮಂಡಳಿಯ ಎತ್ತರದ ಕಟ್ಟಡಗಳು ಇರುವ ಜಾಗ. ದೇಶದ ನಾಲ್ಕು ಅಧಿಕೃತ ಭಾಷೆಗಳಾದ ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್‌ಗಳು ಅಲ್ಲಿನ ಫಲಕಗಳಲ್ಲೂ ಪ್ರಕಟಣೆಗಳಲ್ಲೂ ದಿನವೂ ಎದುರಾಗುತ್ತವೆ. ಧಾತುವನ್ನು ನಾಲ್ಕು ಬಗೆಯಲ್ಲಿ ನಡೆಸಿಕೊಳ್ಳುವ ಭಾಷೆಗಳಿವು.

ಮ್ಯಾಂಡರಿನ್‌ನಲ್ಲಿ ಕ್ರಿಯಾಪದ ಬದಲಾಗುವುದಿಲ್ಲ. ಬರುವುದಕ್ಕೆ ‘ಲಾಯ್’; ಬಂದಾಯಿತು ಎನ್ನಲು ಅದರ ಕೊನೆಗೆ ‘ಲ’ ಎಂಬ ಅವ್ಯಯ ಸೇರುತ್ತದೆ. ಪುರುಷ, ವಚನಗಳ ಗೊಡವೆಯಿಲ್ಲ. ಒತ್ತಿನ ಬದಲು ಬಹುತೇಕ ಪ್ರತಿ ಉಚ್ಚಾರಾಂಶಕ್ಕೂ ತನ್ನದೇ ದನಿಯ ಏರಿಳಿತವಿದೆ. ಮಲಯ್‌ನಲ್ಲಿ ಧಾತು ಬದಲಾಗುತ್ತದೆ, ಆದರೆ ತಲೆಯ ಕಡೆಯಿಂದ: ತುಲಿಸ್ (ಬರೆ) ಎಂಬುದು ಮೆನುಲಿಸ್, ಪುಕುಲ್ (ಹೊಡೆ) ಎಂಬುದು ಮೆಮುಕುಲ್, ಸಾಪು (ಗುಡಿಸು) ಎಂಬುದು ಮೆಞಾಪು. ಧಾತುವಿನ ಮೊದಲಿಗೆ ಬಂದ ಪ್ರತ್ಯಯದ ಅನುನಾಸಿಕ ಧಾತುವಿನ ಮೊದಲ ವ್ಯಂಜನವನ್ನು ನುಂಗುತ್ತದೆ. ಕೊಡು ಕೊಟ್ಟ ಆಗುವಲ್ಲಿ ಕನ್ನಡ ಧಾತುವಿನ ಬಾಲದಲ್ಲಿ ನಡೆಯುವ ಬೆರಕೆ ಮಲಯ್ ಧಾತುವಿನ ಬಾಯಲ್ಲಿ ನಡೆಯುತ್ತದೆ. ಎರಡೂ ಕಡೆ ಕಾರಣ ಒಂದೇ, ಪಕ್ಕದ ವ್ಯಂಜನಗಳು ಒಂದಕ್ಕೊಂದು ಹೊಂದಿಕೊಳ್ಳುವುದು.

ತಮಿಳು ರಕ್ತಸಂಬಂಧಿ. ವಿಡು-ವಿಟ್ಟಾನ್, ಪಡು-ಪಟ್ಟಾನ್, ಉಣ್-ಉಣ್ಡಾನ್, ಕಾಣ್-ಕಣ್ಡಾನ್, ವಾ-ವಂದಾನ್ ಎಂಬ ತಮಿಳು ಜೋಡಿಗಳ ಪಕ್ಕದಲ್ಲಿ ಬಿಡು-ಬಿಟ್ಟ, ಪಡು-ಪಟ್ಟ, ಉಣ್-ಉಂಡ, ಕಾಣ್-ಕಂಡ, ಬಾ-ಬಂದ ಎಂದು ಕನ್ನಡವನ್ನಿಟ್ಟರೆ ಮೇಲೆ ಹೇಳಿದ ತೂಕದ ನಿಯಮ ಕನ್ನಡ-ತಮಿಳು ಬೇರೆಯಾಗುವ ಮೊದಲಿನ ಆಸ್ತಿ ಎಂದು ತಿಳಿಯುತ್ತದೆ. ಸಿಂಗಪುರದ ಶಾಲೆಗಳಲ್ಲಿ ತಮಿಳಿನ ಜೊತೆಗೆ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದುಗಳನ್ನು ಮಾತೃಭಾಷೆಯ ಸ್ಥಾನದಲ್ಲಿ ಕಲಿಯಲು ಅವಕಾಶವಿದೆ. ಆ ಪಟ್ಟಿಯಲ್ಲಿ ಕನ್ನಡ ಇಲ್ಲ, ತೆಲುಗು, ಮಲಯಾಳಗಳೂ ಇಲ್ಲ. ಕನ್ನಡದ ಮನೆಗಳು ಹಿಂದಿಯನ್ನೋ ತಮಿಳನ್ನೋ ಬೇರೊಂದನ್ನೋ ಆರಿಸಿಕೊಳ್ಳಬೇಕು. ಕನ್ನಡದ ಪಾಲಿಗೆ ಉಳಿಯುವುದು ಮನೆ ಮತ್ತು ಸಿಂಗಪುರದ ಕನ್ನಡ ಸಂಘದಂಥ ಕೂಟಗಳು. ಆಯ್ಕೆಗೆ ಹಲವು ಕಾರಣಗಳಿರುತ್ತವೆ. ಕ್ರಿಯಾಪದದ ದೃಷ್ಟಿಯಿಂದ ಮಾತ್ರ ಹೇಳುವುದಾದರೆ, ತಮಿಳು ಓದುವ ಮಗು ಕನ್ನಡದ ಭೂತಕಾಲವನ್ನು ಅರ್ಧ ಕಲಿತಂತೆಯೇ.

ಇಂಗ್ಲಿಷಿನ ವಿಷಯದಲ್ಲಿ ಅವಸರದ ತೀರ್ಮಾನ ಬೇಡ. ಲಂಡನ್ನಿನ ಅಥವಾ ಅಮೆರಿಕದ ಇಂಗ್ಲಿಷ್ ಒತ್ತಿನ ತಾಳದ್ದು: ಒತ್ತು ಬಿದ್ದ ಉಚ್ಚಾರಾಂಶ ಉಬ್ಬುತ್ತದೆ, ಉಳಿದವುಗಳ ಸ್ವರ ಮಸುಕಾಗುತ್ತದೆ. ಅದರಲ್ಲಿ ಬೆಳೆದ ಬಾಯಿ ಮಾಡುತ್ತೇನೆ ಎನ್ನುವಾಗ ಒಂದು ಅಕ್ಷರವನ್ನು ಎತ್ತಿ ಮಿಕ್ಕವನ್ನು ನುಂಗುವುದು ಸಹಜ. ಸಿಂಗಪುರದ ಇಂಗ್ಲಿಷ್ ಹಾಗಿಲ್ಲ. ಅದರ ಲಯ ಉಚ್ಚಾರಾಂಶದಿಂದ ಉಚ್ಚಾರಾಂಶಕ್ಕೆ ಹೆಚ್ಚು ಸಮವಾಗಿ ಸಾಗುತ್ತದೆ, ಒತ್ತಿಲ್ಲದ ಸ್ವರಗಳೂ ಬಹುಮಟ್ಟಿಗೆ ಪೂರ್ತಿ ಉಚ್ಚಾರವಾಗುತ್ತವೆ ಎಂದು ಧ್ವನಿಶಾಸ್ತ್ರಜ್ಞರು ದಾಖಲಿಸಿದ್ದಾರೆ. ಕನ್ನಡಕ್ಕೆ ಇದು ಅನುಕೂಲದ ನೆಲ. ಆದರೆ ಅದೇ ಇಂಗ್ಲಿಷಿನ ಇನ್ನೊಂದು ಪ್ರಸಿದ್ಧ ಲಕ್ಷಣವೆಂದರೆ ಬಿಟ್, ಬೀಟ್‌ಗಳಂಥ ಹ್ರಸ್ವ-ದೀರ್ಘ ಜೋಡಿಗಳು ಒಂದಾಗಿ ಕೇಳಿಸುವುದು. ಮ್ಯಾಂಡರಿನ್, ಮಲಯ್‌ಗಳಲ್ಲೂ ಸ್ವರದ ಉದ್ದದಿಂದ ಅರ್ಥ ಬದಲಾಗುವುದಿಲ್ಲ, ಕನ್ನಡದಲ್ಲಿರುವಂಥ ದ್ವಿತ್ವವೂ ಇಲ್ಲ. ಹೀಗಾಗಿ ಜುರಾಂಗ್ ಈಸ್ಟ್‌ನ ಮಗುವಿನ ಕನ್ನಡದಲ್ಲಿ ಮೊದಲು ಕಾಯಬೇಕಾದದ್ದು ಮಾತ್ರೆ. ಕುಡಿದ, ಕೂಡಿದ, ಹರಿದ, ಹಾರಿದ, ಕಡಿದ, ಕಾಡಿದ, ಅಳುತ್ತಾನೆ, ಆಳುತ್ತಾನೆ: ಈ ಜೋಡಿಗಳನ್ನು ಕಿವಿ ಬೇರ್ಪಡಿಸಿತೆಂದರೆ ಯಾವ ಧಾತು ದ್ವಿತ್ವ ತೆಗೆದುಕೊಳ್ಳುತ್ತದೆ, ಯಾವುದು ಇಕಾರ ತೆಗೆದುಕೊಳ್ಳುತ್ತದೆ ಎಂಬುದೂ ಬಹುಪಾಲು ಅದರ ಹಿಂದೆಯೇ ಬರುತ್ತದೆ. ಹ್ರಸ್ವ-ದೀರ್ಘ ಕಳೆದುಹೋದರೆ ಉಚ್ಚಾರದ ಸೊಗಸು ಹೋಗುವುದು ಸಣ್ಣ ನಷ್ಟ. ತೊಡು-ತೊಟ್ಟ, ತೋಡು-ತೋಡಿದ ಎಂಬ ವ್ಯಾಕರಣದ ಆಧಾರವೇ ಕುಸಿಯುತ್ತದೆ, ಆಗ ಪ್ರತಿ ಭೂತರೂಪವನ್ನೂ ಬಿಡಿಬಿಡಿಯಾಗಿ ನೆನಪಿಡಬೇಕಾಗುತ್ತದೆ. ಅಷ್ಟು ಹೊರೆಯನ್ನು ಮನೆಮಾತೊಂದು ಬಹಳ ದಿನ ತಾಳಲಾರದು.

ಹೊಸ ಧಾತುಗಳು

ಎರವಲು ಪದಗಳಿಗೆ ಧಾತುವಿನ ಪದವಿ ಕೊಡುವಾಗ ಪ್ರತಿ ಭಾಷೆಯೂ ತನ್ನ ಅತಿ ನಿಯತವಾದ ಗಣವನ್ನು ಆರಿಸುತ್ತದೆ. ಇಟಾಲಿಯನ್ ಹೊಸ ಕ್ರಿಯೆಗಳನ್ನೆಲ್ಲ ‘ಆರೆ’ ಗಣಕ್ಕೆ ಸೇರಿಸುತ್ತದೆ: ಕ್ಲಿಕ್ಕಾರೆ, ಚತ್ತಾರೆ. ಅವುಗಳಲ್ಲಿ ಒತ್ತು ಸರಿದಾಡಿದರೂ ಧಾತು ಸೀಳುವುದಿಲ್ಲ; ಸ್ಯೇದೊ-ಸೆದ್ಯಾಮೊ ಮಾದರಿಯ ಹೊಸ ಕ್ರಿಯಾಪದ ಈಗ ಹುಟ್ಟುವುದಿಲ್ಲ. ಕನ್ನಡಕ್ಕೆ ಎರಡು ದಾರಿಗಳಿವೆ. ಸಂಸ್ಕೃತದಿಂದ ಬಂದವಕ್ಕೆ ‘ಇಸು’ ಹಚ್ಚಿ ಪ್ರೀತಿಸು, ಯೋಚಿಸು ಎನ್ನುತ್ತದೆ. ಭೂತದಲ್ಲಿ ಪ್ರೀತಿಸಿದ, ಯೋಚಿಸಿದ ಎಂದು ಇಕಾರದ ನಿರಾಳ ದಾರಿ. ಉಳಿದ ಭಾಷೆಗಳಿಂದ ಬಂದ ಹೆಚ್ಚಿನವನ್ನು ಬದಲಿಸದೆ ಇಟ್ಟು ಪಕ್ಕದಲ್ಲಿ ‘ಮಾಡು’ ನಿಲ್ಲಿಸುತ್ತದೆ: ಫೋನ್ ಮಾಡಿದ, ಬುಕ್ ಮಾಡಿದ. ಊಟದ ಮಳಿಗೆಯಲ್ಲಿ ಮೇಜಿನ ಮೇಲೆ ಕರವಸ್ತ್ರವೋ ಟಿಶ್ಯೂ ಪೊಟ್ಟಣವೋ ಇಟ್ಟು ಜಾಗ ಹಿಡಿಯುವುದಕ್ಕೆ ಸಿಂಗಪುರದವರು ‘ಚೋಪ್’ ಎನ್ನುತ್ತಾರೆ. ಆ ಪದ ಕನ್ನಡದ ವಾಕ್ಯಕ್ಕೆ ಬಂದರೆ ಆಗುವುದು ‘ಚೋಪ್ ಮಾಡು’ ಎಂದು. ಮಾಡು ಎಂಬುದು ಗುರು-ಲಘುವಿನ, ಯಾವ ಕಾಲದಲ್ಲೂ ಆಕಾರ ಕೆಡದ ಧಾತು. ಕೊಡು, ಇಡು, ಬಿಡುಗಳಂಥ ಹಳೆಯ ಧಾತುಗಳ ಗುಂಪಿಗೆ ಹೊಸಬರು ಸೇರುವುದು ನಿಂತು ಬಹಳ ಕಾಲವಾಯಿತು. ಆ ಗುಂಪು ಚಿಕ್ಕದು, ಆದರೆ ದಿನದ ಮಾತಿನಲ್ಲಿ ಅತಿ ಹೆಚ್ಚು ಬಾಯಿಗೆ ಬರುವ ಬರು, ತರು, ಇರು, ಕೊಡು, ಬಿಡು, ತಿನ್ನು, ನಿಲ್ಲು, ಏಳು, ಬೀಳುಗಳು ಅದರಲ್ಲೇ ಇವೆ.